ಮನುಷ್ಯ ಬಂದರೆ ಹತ್ತುವ ಲೈಟು

ಗಂಡನನ್ನು ಬಿಟ್ಟು ತವರಿಗೆ ಹೋದವರನ್ನು ನೀವು ಬೇಕಾದಷ್ಟು ಜನ ನೋಡಿರುತ್ತೀರಿ. ನಾನು ಗಂಡನನ್ನು ಬಿಟ್ಟು ಅತ್ತೆಯ ತವರಿಗೆ ಹೋದವಳು. ಅದೂ ಅತ್ತೆಯ ಜೊತೆಗೇ. ಆಕೆಯ ಊರು ಮೆಟ್ರಿಯ ಹೆಂಗಸರು ಇದನ್ನು ಕೇಳಿ ಬಾಯಿ ಮೇಲೆ ಕೈ ಇಟ್ಟುಕೊಂಡರು. ಅತ್ತೆ ಸೊಸೆ ಒಂದಾದರೆ ಮಳೆ ಬೆಳೆ ನಿಂತೀತು ಅಂತ ಚುಡಾಯಿಸಿದವರೂ ಇದ್ದರು. ನಾವೇನು ಪ್ರೀತಿಯಿಂದ ಒಂದಾದವರಲ್ಲ. ಒಂದೇ ಕೈಯಿಂದ ಏಟು ತಿಂದು ಒಂದಾದವರು.

ನನ್ನ ಗಂಡ ಸಂಡೂರಿನಲ್ಲಿ ಅದಿರಿನ ಟಿಪ್ಪರ್ ಓಡಿಸುತ್ತಿದ್ದ. ಮದುವೆಯಾದ ಹೊಸತರಲ್ಲಿ ಹಂಪಿ ತೋರಿಸುತ್ತೇನೆ ಅಂತ ಕರೆದುಕೊಂಡು ಹೋದ. ಹೊಳೆ ದಂಡೆಯ ಬಂಡೆ ಮೇಲೆ ಕೂತು ಒಗ್ಗಾಣಿ ಮಿರ್ಚಿ ತಿನ್ನುತ್ತಿದ್ದೆವು. ಪಕ್ಕದಲ್ಲಿ ಫೋಟೋ ತೆಗೆಸಿಕೊಳ್ಳುತ್ತಿದ್ದ ಒಬ್ಬ ಜಾರಿ ಚಡ್ಡಿ ಸಮೇತ ನೀರಿಗೆ ಬಿದ್ದ, ನಾನು ನಕ್ಕೆ. ಕೆನ್ನೆಗೆ ಬಿತ್ತು ನೋಡಿ ಏಟು, ಕಿವಿ ಗುಂಯ್ ಅಂದಿತು. "ಯಾರನ್ನ ನೋಡಿ ಹಲ್ಲು ಕಿಸಿತಿ ಲೇ?" ಅಂದ. ಒಗ್ಗಾಣಿ ಬಂಡೆ ಮೇಲೆಲ್ಲ ಚೆಲ್ಲಿತು. ಕೋತಿಗಳು ಬಂದು ಆರಿಸಿಕೊಂಡು ತಿಂದವು, ನಾನು ಅವುಗಳನ್ನೇ ನೋಡುತ್ತ ಕೂತೆ.

ಆಮೇಲೆ ಕೈ ಹೋಗಿ ಬೆಲ್ಟ್ ಬಂತು, ಬೆಲ್ಟ್ ಹೋಗಿ ಟಿಪ್ಪರಿನ ಜಾಕಿ ರಾಡು ಬಂತು. ಸಾರಿಗೆ ಉಪ್ಪು ಹೆಚ್ಚಾದರೆ ಹೊಡೆದ, ಕಡಿಮೆಯಾದರೆ ಹೊಡೆದ, ಸರಿಯಾಗಿದ್ದರೆ ಯಾರಿಗಾಗಿ ಇಷ್ಟು ರುಚಿಯಾಗಿ ಮಾಡಿದೆ ಅಂತ ಹೊಡೆದ. ನಾನು ಸುಮ್ಮನಿರುವ ಜಾತಿಯವಳಲ್ಲ. ಬಾಯಿಗೆ ಬಂದದ್ದು ಬೈಯುತ್ತಿದ್ದೆ, ಒಮ್ಮೆ ಬಿಸಿ ದೋಸೆಹಂಚಿನಿಂದ ಅವನ ಮೊಣಕೈ ಸುಟ್ಟಿದ್ದೆ. ಅದಕ್ಕೆ ನನ್ನ ಮುಂದಿನ ಒಂದು ಹಲ್ಲು ಹೋಯಿತು. ಅತ್ತೆ ದೇವರ ಮೂಲೆಯಲ್ಲಿ ಕೂತು ಕಣ್ಣು ಮುಚ್ಚಿಕೊಂಡು ಶಿವ ಶಿವ ಅನ್ನುತ್ತಿದ್ದರು. ಆ ದಿನಗಳಲ್ಲಿ ನನಗೆ ಮಗನಿಗಿಂತ ತಾಯಿಯ ಮೇಲೇ ಸಿಟ್ಟು ಹೆಚ್ಚು.

ಒಂದು ದಿನ ರಾಡು ಮೇಲೆತ್ತಿದಾಗ ಅತ್ತೆಗೆ ಅದೇನು ಅನಿಸಿತೋ, ಎದ್ದು ಬಂದು ನಡುವೆ ನಿಂತರು. "ಬ್ಯಾಡೋ ಅಪ್ಪಾ, ಸತ್ತಗಿತ್ತಾಳು" ಅಂದರು. ಅವನು ತಾಯಿಯ ಕೈ ಹಿಡಿದು ತಿರುವಿ ಗೋಡೆಗೆ ಬಡಿದ. ಮುಂಗೈ ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಅವನು ಹೊರಗೆ ಹೋದ ಮೇಲೆ ಆಕೆ ಅಳಲಿಲ್ಲ. ಇನ್ನೊಂದು ಕೈಯಲ್ಲಿ ವಿಭೂತಿ ಗಟ್ಟಿ, ಎರಡು ಸೀರೆ ಗಂಟು ಕಟ್ಟಿಕೊಂಡು, "ನಡಿಯವಾ, ನಮ್ಮವ್ವ ನನಗ ಬಿಟ್ಟು ಹೋದ ಮನಿ ಐತಿ ಮೆಟ್ರ್ಯಾಗ" ಅಂದರು. ಹೊಲಿಗೆ ಮಷಿನ್ನು ಆಟೋದಲ್ಲಿ ಹಾಕಿಕೊಂಡು ಹೊಸಪೇಟೆಗೆ ಬಂದು, ಅಲ್ಲಿಂದ ಕಂಪ್ಲಿ ಬಸ್ಸು ಹತ್ತಿದೆವು.

ಮನೆ ಅಂದರೆ ಎರಡು ಖೋಲಿ. ಮುಂದಿನದರಲ್ಲಿ ನನ್ನ ಮಷಿನ್ನು, ಹಿಂದಿನದರಲ್ಲಿ ಅಡಿಗೆ, ದೇವರು, ಹಾಸಿಗೆ. ಹಿತ್ತಲಲ್ಲಿ ಬಚ್ಚಲು, ಬಟ್ಟೆ ಒಗೆಯುವ ಕಲ್ಲು, ಒಂದು ಪಪ್ಪಾಯಿ ಗಿಡ. ಹಿತ್ತಲ ಗೋಡೆ ಒಂದು ಕಡೆ ಬಿದ್ದು ಕಂಡಿಯಾಗಿತ್ತು, ಅದರಾಚೆ ಯಾರದೋ ಕಬ್ಬಿನ ಹೊಲ. ಕಂಡಿಗೆ ಎಷ್ಟು ಸಲ ಮುಳ್ಳು ಬಡಿದರೂ ಹಂದಿಗಳು ತಳ್ಳಿಕೊಂಡು ಬರುತ್ತಿದ್ದವು. ಹಂದಿ ಬರುವ ದಾರಿಯಲ್ಲೇ ಅವನೂ ಬಂದ.

ನಾನು ದೀಪ ಹಚ್ಚಿ ಹಿತ್ತಲ ಬಾಗಿಲು ಹಾಕಲು ಹೋಗಿದ್ದೆ. ಕತ್ತಲಲ್ಲಿ ಎದುರಿಗೇ ನಿಂತಿದ್ದ. ಜುಟ್ಟು ಹಿಡಿದು ಒಳಗೆ ಎಳೆದುಕೊಂಡು ಬಂದು ತಲೆಯನ್ನು ಮಷಿನ್ನಿನ ಹಲಗೆಗೆ ಕುಟ್ಟಿದ. "ಈ ಮನಿ ನಂದು. ನಮ್ಮವ್ವನ ಆಸ್ತಿ ನಂದ. ನೀ ಯಾವಾಕಿ ಇಲ್ಲಿ ಕುಂದ್ರಾಕ?" ಅಂತ ಒದ್ದ. ಅತ್ತೆ ಬೀದಿಗೆ ಓಡಿ ಬಾಯಿ ಬಡಿದುಕೊಂಡ ಮೇಲೆ ಜನ ಬಂದರು, ಅವನು ಕಬ್ಬಿನಲ್ಲಿ ನುಗ್ಗಿ ಹೋದ. ಮರುದಿನ ಊರಿನ ಹಿರಿಯರೆಲ್ಲ ಕಟ್ಟೆಯ ಮೇಲೆ ಕೂತು, "ಗಂಡ ಹೆಂಡರ ಜಗಳ ಉಂಡು ಮಲಗೋತನಕ ಅಂತಾರವಾ, ಹೊಂದ್ಕೊಂಡು ಹೋಗು" ಅಂದರು. ಮೈ ಉರಿದು ಹೋಯಿತು. "ಉಣ್ಣಾಕ ಹಲ್ಲು ಬೇಕಲ್ರಿ" ಅಂತ ಬಾಯಿ ತೆರೆದು ತೋರಿಸಿ ಎದ್ದು ಬಂದೆ.

ಅವತ್ತಿನಿಂದ ಕತ್ತಲಾಯಿತು ಅಂದರೆ ಹಿತ್ತಲಿಗೆ ಕಾಲಿಡಲು ಇಬ್ಬರಿಗೂ ಪ್ರಾಣಭಯ. ಬಚ್ಚಲಿಗೆ ಹೋಗುವುದೂ ದಂಡಯಾತ್ರೆ, ಒಬ್ಬರು ಹೋದರೆ ಇನ್ನೊಬ್ಬರು ಕೊಡಲಿ ಹಿಡಿದು ಬಾಗಿಲಲ್ಲಿ. ಬಲ್ಬು ಹಾಕಿದೆವು. ಕರೆಂಟು ಇದ್ದರೆ ತಾನೆ? ಇದ್ದರೂ, ಸದಾ ಉರಿಯುವ ಬಲ್ಬು ಏನು ಹೇಳೀತು? ಅವನು ಬಂದದ್ದನ್ನು ನನಗೆ ಮುಂಚೆಯೇ ಹೇಳುವಂಥದ್ದೊಂದು ಬೇಕಿತ್ತು.

ಹೊಸಪೇಟೆಗೆ ಲೈನಿಂಗ್ ಬಟ್ಟೆ ತರಲು ಹೋದಾಗ ಒಂದು ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಆ ಸೋಲಾರ್ ಲೈಟು ಕಂಡಿತು. ಅಂಗಡಿಯವನು ಮಾತಿನಮಲ್ಲ. "ಬರ್ರಿ ಅಕ್ಕಾರ, ಕುಂದ್ರಿ. ವೈರ್ ಬ್ಯಾಡ, ಕರೆಂಟ್ ಬ್ಯಾಡ. ಹಗಲೊತ್ತು ಬಿಸಿಲು ಕುಡಿತೈತಿ, ಕತ್ತಲಾದ ಮ್ಯಾಗ ಮನುಷ್ಯಾ ಬಂದ್ರ ತಾನ ಹತ್ತತೈತಿ. ಮನುಷ್ಯಾ ಅಲುಗಾಡೋದು ನಿಂತ್ರ ತಾನ ಆರತೈತಿ" ಅಂದ.

"ಕುಡುದು ಬಂದ್ರೂ ಹತ್ತತೈತೇನ್ರಿ?" ಅಂದೆ.

"ಕುಡದವ್ರು ಇನ್ನೂ ಜಾಸ್ತಿ ಅಲುಗಾಡ್ತಾರಲ್ರಿ, ಮಸ್ತ್ ಹತ್ತತೈತಿ" ಅಂತ ನಕ್ಕ. ನನಗೂ ನಗು ಬಂತು, ತಂದೆ.

ಹಿತ್ತಲ ಬಾಗಿಲ ಮೇಲೆ ಮೊಳೆ ಹೊಡೆದು ನಾನೇ ತೂಗುಹಾಕಿದೆ. ಮೇಲೆ ಕರಿ ಪ್ಯಾನಲ್ಲು, ಮುಂದೆ ಬಲ್ಬಿನ ಸಾಲು, ಕೆಳಗೆ ಅರ್ಧ ಕೊಯ್ದ ಕೋಳಿಮೊಟ್ಟೆಯಂಥ ಬಿಳಿ ಪ್ಲಾಸ್ಟಿಕ್ ಗುಬ್ಬಿ. ಆ ಗುಬ್ಬಿಯೇ ಅದರ ಕಣ್ಣು, ಅದರಿಂದಲೇ ಅದು ಮನುಷ್ಯರನ್ನು ಗುರುತಿಸುವುದು. ಪಕ್ಕದ ಮನೆಯ ಅಜ್ಜಿ ಗೋಡೆ ಮೇಲಿಂದ ಇಣುಕಿ, "ದರೋಜಿ ಕಡಿಂದ ಕರಡಿ ಬರತಾವಂತ ಹಾಕ್ಸಿಯೇನವಾ?" ಅಂದಳು. "ಹೂಂ ಅಜ್ಜಿ, ಎರಡು ಕಾಲಿನ ಕರಡಿ" ಅಂದೆ.

ಕೆಲವು ದಿನ ಅದು ಹೇಳಿದಂತೆ ಕೇಳಿತು. ಮುಸ್ಸಂಜೆಯಲ್ಲಿ ಭಗ್ ಅಂತ ಹತ್ತುವುದು, ನಾವು ಕೊಡಲಿ ಹಿಡಿದು ಓಡುವುದು, ಅಲ್ಲಿ ಹಂದಿಯೊಂದು ಪಪ್ಪಾಯಿ ಸಿಪ್ಪೆ ತಿನ್ನುತ್ತ ನಿಂತಿರುವುದು. ಎಷ್ಟು ಬೈದರೂ ನನಗೆ ಒಳಗೊಳಗೇ ಖುಷಿ. ಒಂದು ಸಂಜೆ ನಿಜವಾಗಿ ಅವನೇ ಬಂದ. ಬೆಳಕು ಮುಖಕ್ಕೆ ಬಿದ್ದದ್ದೇ ಕೈ ಅಡ್ಡ ಹಿಡಿದ. ನಾನು "ಬಂದಾನ್ರೀ, ಬಂದಾನ" ಅಂತ ಕಿರುಚಿದ್ದಕ್ಕೆ ಓಣಿಯವರು ಬಡಿಗೆ ಹಿಡಿದು ಬಂದರು. ಕಬ್ಬಿನ ಗದ್ದೆಯವರೆಗೆ ಅಟ್ಟಿಸಿಕೊಂಡು ಹೋಗಿ ನಾಲ್ಕು ಬಿಟ್ಟರು. ಬಡಿಗೆ ಅವನ ಬೆನ್ನಿಗೆ ಬಿದ್ದ ಸದ್ದಿಗೆ ನನ್ನ ಹೊಟ್ಟೆ ತಣ್ಣಗಾಯಿತು, ಸುಳ್ಳು ಯಾಕೆ ಹೇಳಲಿ. ಅತ್ತೆ ಮಾತ್ರ ಒಂದೊಂದು ಏಟಿಗೂ ಕಣ್ಣು ಮುಚ್ಚುತ್ತಿದ್ದರು.

ಅದಾದ ಮೇಲೆ ಲೈಟು ಕೈಕೊಡಲು ಶುರುಮಾಡಿತು.

ಒಂದು ಸಂಜೆ ಹತ್ತಿದರೆ ಇನ್ನೊಂದು ಸಂಜೆ ಇಲ್ಲ. ನಾನು ಕೆಳಗೆ ನಿಂತು ಕೈ ಬೀಸುತ್ತೇನೆ, ಕುಣಿಯುತ್ತೇನೆ, ಉಹೂಂ. ಏಣಿ ಹಾಕಿ ಹತ್ತಿ ನೋಡಿದರೆ ಪ್ಯಾನಲ್ಲಿನ ಮೇಲೆ ಬೂದಿ. ಭತ್ತದ ಗಿರಣಿಗಳಿಂದ ಹೊಟ್ಟಿನ ಬೂದಿ ಗಾಳಿಗೆ ಹಾರಿ ಬಂದು ನಮ್ಮ ಕಡೆ ಒಣಹಾಕಿದ ಬಟ್ಟೆಯ ಮೇಲೂ ಕೂರುತ್ತದೆ. ಇದೇ ಕಾರಣ ಅಂದುಕೊಂಡು ಒಂದು ತಂಬಿಗೆ ನೀರು ಮೇಲಿಂದ ಸುರಿದು ಒರೆಸಿದೆ. ಸಂಜೆ ಹತ್ತಿತು. ಗೆದ್ದೆ ಅಂತ ಬೀಗಿದೆ. ಮರುದಿನ ಮತ್ತೆ ಸತ್ತಿತು.

ಹೊಸಪೇಟೆಗೆ ಒಯ್ದೆ. ಅಂಗಡಿಯವನು ಅಲ್ಲಾಡಿಸಿ ನೋಡಿ, "ಚಾರ್ಜ್ ಪೂರ್ತಿ ಆಗಿರಾಕಿಲ್ಲ ಅಕ್ಕಾರ. ಸ್ವಿಚ್ ಆಫ್ ಮಾಡಿ ಒಂದೆರಡು ದಿನ ಬಿಸಲಾಗ ಇಡ್ರಿ, ಆಮ್ಯಾಲ ಆನ್ ಮಾಡ್ರಿ. ಹತ್ರ ಬೀದಿ ಲೈಟು ಐತೇನು? ಅದರ ಬೆಳಕು ಬಿದ್ರ ಇದು ಇನ್ನೂ ಹಗಲು ಅನ್ಕೋತೈತಿ" ಅಂದ. ಬೀದಿ ದೀಪ ಇರುವುದು ಮನೆ ಮುಂದೆ, ಹಿತ್ತಲಿಗೆ ಅದರ ಬೆಳಕು ಬೀಳುವುದೇ ಇಲ್ಲ. ಬಿಸಿಲಿಗಿಟ್ಟೆ. ಹಗಲಲ್ಲೇ ಪರೀಕ್ಷೆ ಮಾಡುವ ಉಪಾಯವನ್ನೂ ಅವನೇ ಹೇಳಿಕೊಟ್ಟಿದ್ದ: ಪ್ಯಾನಲ್ಲಿಗೆ ಕರಿ ಬಟ್ಟೆ ಮುಚ್ಚಿದರೆ ಅದಕ್ಕೆ ರಾತ್ರಿಯಾದಂತೆ. ಕರಿ ಬ್ಲೌಸ್ ಪೀಸು ಮುಚ್ಚಿ ಕೈ ಬೀಸಿದೆ, ಪಕ್ ಅಂತ ಹತ್ತಿತು. ಒಯ್ದು ಬಾಗಿಲ ಮೇಲೆ ಹಾಕಿದೆ. ಅವತ್ತು ಸರಿ, ಮರುದಿನ ಇಲ್ಲ. ಮಷಿನ್ನಿನ ಸಣ್ಣ ಸ್ಕ್ರೂಡ್ರೈವರಿನಿಂದ ಬಿಚ್ಚಿ ಹೊಸ ಬ್ಯಾಟರಿ ಹಾಕಿದೆ. ಅವತ್ತು ಸರಿ, ಮರುದಿನ ಇಲ್ಲ. ನನ್ನ ಕೈಯಲ್ಲಿ ಇರುವಾಗ ಗಿಣಿಯಂತೆ ಮಾತಾಡುವ ಇದು ಗೋಡೆಗೆ ಹೋದ ಮೇಲೆ ಮೌನವ್ರತ ಹಿಡಿಯುತ್ತದಲ್ಲ, ಇದರ ಮನೆ ಹಾಳಾಗ ಅಂತ ಹಿಡಿಶಾಪ ಹಾಕಿದೆ.

ಶಾಪ ಹಾಕುತ್ತ ನಿಂತಾಗಲೇ ಅವನು ಬಂದದ್ದು.

ಆಗತಾನೇ ಕತ್ತಲಾಗಿತ್ತು. ಅತ್ತೆ ಒಳಗೆ ಸಂಜೆಯ ಪೂಜೆಗೆ ಗಂಟೆ ಬಾರಿಸುತ್ತಿದ್ದರು. ನಾನು ಬಚ್ಚಲಿನಿಂದ ಹೊರಗೆ ಬಂದೆ, ಲೈಟು ಹತ್ತಲಿಲ್ಲ. ಸಿಟ್ಟು ನೆತ್ತಿಗೇರಿ, ಅದರ ಕಡೆ ಮುಖ ಎತ್ತಿ, "ಹತ್ತಲೇ, ನಿನಗೇನು ಬ್ಯಾನಿ ಬಂದೈತಿ" ಅನ್ನುತ್ತಿದ್ದೆ. ಹಿಂದಿನಿಂದ ತಲೆಗೆ ಬಿತ್ತು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿದ್ದೆ. "ಊರ ಮಂದೀನ ಕೂಡಿಸಿ ಹೊಡಸ್ತಿಯೇನಲೇ ನನ್ನ?" ಅಂತ ಎದೆ ಮೇಲೆ ಮೊಣಕಾಲು ಊರಿದ. "ಈ ಕೈಲೇ ಹೊಲದು ತಿಂತಿ ಅಲ್ಲ?" ಅಂದು ನನ್ನ ಎಡಗೈಯನ್ನು ಕಲ್ಲಿನ ಮೇಲೆ ಚಾಚಿ ಒತ್ತಿ ಹಿಡಿದು, ರಾಡಿನಿಂದ ಹೊಡೆದ. ಬೆರಳುಗಳ ಮೇಲೆ. ಮತ್ತೆ ಹೊಡೆದ. ನಾನು ಕಿರುಚಿದೆ, ಒಳಗೆ ಗಂಟೆ ಬಡಿಯುತ್ತಲೇ ಇತ್ತು. ನಾನು ಅವನ ತೊಡೆಗೆ ಹಲ್ಲು ಹಾಕಿ ಮಾಂಸ ಬಾಯಿಗೆ ಬರುವ ಹಾಗೆ ಕಚ್ಚಿದೆ, ಅದಕ್ಕೆ ಬಿಟ್ಟ. ಅತ್ತೆ ಬಾಗಿಲಿಗೆ ಬಂದಾಗ ಅವನು ಕಂಡಿ ದಾಟಿ ಹೋಗಿದ್ದ, ನನ್ನ ಬಾಯಲ್ಲಿ ಅವನ ರಕ್ತವಿತ್ತು.

ಎರಡು ಬೆರಳು ಮುರಿದಿದ್ದವು. ಹೊಲಿಗೆಯವಳಿಗೆ ಎಡಗೈ ಹೋದರೆ ಬಟ್ಟೆ ತಳ್ಳುವವರು ಯಾರು? ಕಂಪ್ಲಿಯಲ್ಲಿ ಪಟ್ಟಿ ಕಟ್ಟಿಸಿಕೊಂಡು ಬಂದೆ. ಹಿತ್ತಲ ಬಾಗಿಲಿಗೆ ಕಬ್ಬಿಣದ ಗ್ರಿಲ್ಲು ಕೂರಿಸಿದೆವು. ಮಷಿನ್ನಿನ ಮುಂದೆ ಸುಮ್ಮನೆ ಕೂತು ಯೋಚನೆ ಮಾಡಿದೆ. ಅವನು ಬಂದ ದಿನವೇ ಲೈಟು ಯಾಕೆ ಹತ್ತಲಿಲ್ಲ? ನಾನು ಮುಟ್ಟಿದ ದಿನ ಹತ್ತುತ್ತದೆ, ಮುಟ್ಟದ ದಿನ ಇಲ್ಲ. ಹಾಗಾದರೆ ನಡುವೆ ಇನ್ಯಾರೋ ಮುಟ್ಟುತ್ತಾರೆ. ಮನೆಯಲ್ಲಿ ಇರುವವರೇ ಇಬ್ಬರು.

ಅವತ್ತು ಅತ್ತೆಯ ಕೈಯ ಅನ್ನ ಉಣ್ಣಲಿಲ್ಲ.

ಬೆಳಿಗ್ಗೆ ಬೇಗ ಎದ್ದು ಬಚ್ಚಲಲ್ಲಿ ಅಡಗಿ ಕೂತೆ. ಅತ್ತೆ ಸ್ನಾನ ಮಾಡಿ, ಪೂಜೆ ಮುಗಿಸಿ, ಒಂದು ಸ್ಟೂಲು ಹಿಡಿದು ಹಿತ್ತಲಿಗೆ ಬಂದರು. ಗೋಡೆಗೆ ಸ್ಟೂಲು ಹಾಕಿ ಹತ್ತಿದರು. ಲೈಟಿನ ಆ ಗುಬ್ಬಿಗೆ ಏನೋ ಬಳಿಯುತ್ತಿದ್ದಾರೆ. ಓಡಿ ಹೋಗಿ ಸೆರಗು ಹಿಡಿದು ಕೆಳಗೆ ಎಳೆದೆ. ಸ್ಟೂಲು ಸಮೇತ ಬಿದ್ದರು.

"ಬೇಲಿನ ಎದ್ದು ಹೊಲ ಮೇಯ್ದಂಗಾತಲ್ಲ! ಮಗಗ ದಾರಿ ಮಾಡಿಕೊಡಾಕತ್ತೀಯೇನು ನೀನು? ಅದರ ಕಣ್ಣು ಕುಲ್ಡು ಮಾಡಿ ನನ್ನ ಕೊಲ್ಸಾಕತ್ತೀಯೇನು?" ಅಲ್ಲಿಯವರೆಗೆ ಆಕೆಗೆ ನೀವು ಅನ್ನುತ್ತಿದ್ದವಳು ನಾನು.

ಅತ್ತೆ ನೆಲದ ಮೇಲೆ ಕೂತು ನನ್ನನ್ನು ಮಿಕಿಮಿಕಿ ನೋಡಿದರು. ಮೂರು ಬೆರಳಿಗೆ ಹಸಿ ವಿಭೂತಿ ಮೆತ್ತಿತ್ತು. "ಏನು ಮಾತಾಡ್ತಿ ತಾಯಿ? ಲಿಂಗ ಇದ್ದಂಗ ಐತಿ ಅಂತ, ಅವನ್ನ ತೋರಿಸಿಕೊಟ್ಟ ಮರುದಿನದಿಂದ ದಿನಾ ಇಷ್ಟು ವಿಭೂತಿ ಹಚ್ಚತೀನಿ. ಅವ ಬಂದಾಗ ನಮ್ಮನ್ನ ಕಾಯೋದು ಅದ ಅಲ್ಲೇನು? ಮಂದಿ ಕಣ್ಣು ಬೀಳಬಾರದು ಅದಕ್ಕ" ಅಂದರು.

ನಾನು ನಂಬಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು. ಆದರೂ ಕೈ ಹಿಡಿದು ಎಬ್ಬಿಸಿ ಅಲ್ಲೇ ನಿಲ್ಲಿಸಿದೆ. ಲೈಟು ಕೆಳಗಿಳಿಸಿ ಕರಿ ಬಟ್ಟೆ ಮುಚ್ಚಿದೆ. "ಕೈ ಬೀಸು" ಅಂದೆ. ಆಕೆ ಬೀಸಿದರು. ಸತ್ತ ಹಾಗೆ ಇತ್ತು. ಗುಬ್ಬಿಯನ್ನು ಹತ್ತಿರದಿಂದ ನೋಡಿದೆ: ಬಿಳಿ ಗುಬ್ಬಿಯ ಮೇಲೆ ಬಿಳಿ ವಿಭೂತಿ, ಒಣಗಿದ ಮೇಲೆ ಯಾರ ಕಣ್ಣಿಗೆ ಕಾಣಬೇಕು? ಪದರದ ಮೇಲೆ ಪದರ ಗಟ್ಟಿಯಾಗಿತ್ತು. ನಾನು ಬೂದಿ ತೊಳೆಯಲು ನೀರು ಸುರಿದಾಗ ಅದೂ ತೊಳೆದು ಹೋಗುತ್ತಿತ್ತು, ಅಂಗಡಿಗೆ ಒಯ್ಯುವ ಮುಂಚೆ, ಬಿಚ್ಚುವ ಮುಂಚೆ ನಾನೇ ಒರೆಸುತ್ತಿದ್ದೆ. ಮರುದಿನ ಬೆಳಿಗ್ಗೆ ಅತ್ತೆ ಮತ್ತೆ ಭಕ್ತಿಯಿಂದ ಬಳಿಯುತ್ತಿದ್ದರು. ಒದ್ದೆ ಬಟ್ಟೆಯಿಂದ ಚೆನ್ನಾಗಿ ತಿಕ್ಕಿದೆ. "ಈಗ ಬೀಸು" ಅಂದೆ. ಆಕೆಯ ಕೈ ಅಲುಗಿದ್ದೇ ತಡ, ಬೆಳಕು ಆಕೆಯ ಮುಖಕ್ಕೆ ಹೊಡೆಯಿತು.

ಅತ್ತೆ ತಮ್ಮ ಬೆರಳು ನೋಡಿಕೊಂಡರು. ಆಮೇಲೆ ಪಟ್ಟಿ ಕಟ್ಟಿದ ನನ್ನ ಬೆರಳು ನೋಡಿದರು. "ಹಂಗಾದ್ರ ನಿನ್ನ ಬಟ್ಟು ಮುರದಾಕಿ ನಾನ" ಅಂದವರೇ ಅಲ್ಲಿಯೇ ಕುಕ್ಕರಿಸಿ ಕೂತರು. ಹಣೆ ಬಡಿದುಕೊಂಡರು. ನನಗೆ ಅಯ್ಯೋ ಅನಿಸಿತು, ಆದರೂ ಎದೆಯಲ್ಲಿ ಮುಳ್ಳು ಹಾಗೇ ಉಳಿಯಿತು. ನಿಜವಾಗಿ ಗೊತ್ತಿರಲಿಲ್ಲವೋ, ಒಳಗೊಳಗೇ ಗೊತ್ತಿತ್ತೋ? ಅವನ ಬೆನ್ನಿಗೆ ಬಡಿಗೆ ಬಿದ್ದಾಗ ಮುಚ್ಚಿದ ಆ ಕಣ್ಣುಗಳೇ ನೆನಪಾಗುತ್ತಿದ್ದವು. ಒಂದೇ ಕೋಣೆಯಲ್ಲಿ ಮಲಗುತ್ತಿದ್ದೆವು, ನಾನು ಕೊಡಲಿಯನ್ನು ಆಕೆಯ ಕೈಗೆ ಸಿಗದ ಕಡೆ ಇಟ್ಟುಕೊಂಡೆ.

ಲೈಟನ್ನು ಮತ್ತೆ ಹಾಕುವಾಗ ಅದರ ಮುಖವನ್ನು ಮುಂದಕ್ಕೆ ಎತ್ತಿ, ಕಂಡಿಯ ಕಡೆಗೆ, ಒಗೆಯುವ ಕಲ್ಲಿನ ಕಡೆಗೆ ತಿರುಗಿಸಿದೆ. ಬಾಗಿಲ ಹೊಸಿಲಲ್ಲಿ ನಿಂತ ನಾವು ಈಗ ಅದಕ್ಕೆ ಕಾಣುತ್ತಿರಲಿಲ್ಲ, ಅಂಗಳದಲ್ಲಿ ಇದ್ದವರು ಮಾತ್ರ ಕಾಣುತ್ತಿದ್ದರು. ಸುಮ್ಮಸುಮ್ಮನೆ ಹತ್ತುವುದು ನಿಂತಿತು. ಅತ್ತೆ ವಿಭೂತಿ ಹಚ್ಚುವುದನ್ನು ಬಿಟ್ಟು ದಿನಾ ಒದ್ದೆ ಸೆರಗಿನಿಂದ ಆ ಗುಬ್ಬಿ ಒರೆಸಿ, "ನೋಡು, ಸ್ವಚ್ಛ ಐತಿಲ್ಲೋ" ಅಂತ ನನ್ನನ್ನು ಕರೆದು ತೋರಿಸುತ್ತಿದ್ದರು. ನಾನು ಹೂಂ ಅನ್ನುತ್ತಿದ್ದೆ, ಅಷ್ಟೆ.

ಭತ್ತದ ಕೊಯ್ಲಿನ ಕಾಲ. ಊರ ಸುತ್ತ ಕಟಾವಿನ ಮಷಿನ್ನುಗಳ ಗದ್ದಲ, ಕೂಗಿದರೂ ಪಕ್ಕದವರಿಗೆ ಕೇಳದು. ಓಣಿಯ ಗಂಡಸರೆಲ್ಲ ಗದ್ದೆಯಲ್ಲಿದ್ದರು. ಕತ್ತಲಾಗಿ ಇನ್ನೂ ಅಡಿಗೆಯೂ ಆಗಿರಲಿಲ್ಲ, ಹಿತ್ತಲಲ್ಲಿ ಲೈಟು ಹತ್ತಿತು.

ಗ್ರಿಲ್ಲಿನಾಚೆ ಅವನು. ಕೈಯಲ್ಲಿ ರಾಡು. ಗ್ರಿಲ್ಲಿಗೆ ಒದ್ದ, ಬಡಿದ, ಅಲುಗಲಿಲ್ಲ. ನನಗೆ, ನನ್ನ ವಂಶಕ್ಕೆ, ಬಾಯಲ್ಲಿ ಹೇಳಬಾರದ್ದೆಲ್ಲ ಬೈದ. ನಾನು ಒಳಗಿನಿಂದ ಅದಕ್ಕೆ ದುಪ್ಪಟ್ಟು ಬೈದೆ. ಆಮೇಲೆ ಅವನು ತಣ್ಣಗಾದ. ಗ್ರಿಲ್ಲಿಗೆ ಹಣೆ ಹಚ್ಚಿ, ಸಣ್ಣ ದನಿಯಲ್ಲಿ, "ಯವ್ವಾ, ನೀರಡಿಕಿ ಆಗೈತಿ. ಇಷ್ಟು ನೀರು ಕೊಡಬೇ. ಕುಡದು ಹೊಕ್ಕೀನಿ" ಅಂದ.

ಅತ್ತೆ ನೀರಿನ ಕೊಡದ ಕಡೆ ನಡೆದರು.

"ಕೊಡಬ್ಯಾಡ್ರಿ ಅತ್ತೀ" ಅಂದೆ. "ನೀರಿಗೆ ಇಲ್ಲ ಅನ್ನಬಾರದವಾ" ಅಂದು ಚೊಂಬು ತುಂಬಿ ಗ್ರಿಲ್ಲಿನ ಸಂದಿಯಲ್ಲಿ ಚಾಚಿದರು. ಅವನು ಚೊಂಬು ಹಿಡಿಯಲಿಲ್ಲ, ಮುಂಗೈ ಹಿಡಿದ. ಸಂಡೂರಿನಲ್ಲಿ ಮುರಿದಿದ್ದ ಅದೇ ಕೈ. ಸರಳಿಗೆ ಅಡ್ಡ ಹಾಕಿ ತಿರುವಿದ. ಅತ್ತೆ ಅಂಥಾ ಕೂಗು ಕೂಗಿದ್ದನ್ನು ನಾನು ಎಂದೂ ಕೇಳಿರಲಿಲ್ಲ.

"ಕೀಲಿ ತಗೀಲೇ. ಇಲ್ಲಂದ್ರ ಕಟ್ಟಿಗಿ ಮುರದಂಗ ಮುರಿತೀನಿ ನೋಡು" ಅಂತ ನನ್ನನ್ನು ನೋಡಿ ಹಲ್ಲು ಕಿರಿದ.

"ತಗೀಬ್ಯಾಡ" ಅಂದರು ಅತ್ತೆ. ಬೆವರು ಕಿತ್ತುಕೊಂಡು ಬಂದಿತ್ತು. "ಮುರೀಲಿ. ತಗೀಬ್ಯಾಡ ನೀನು." ಆಗ ನನ್ನ ಎದೆಯ ಮುಳ್ಳು ಕಿತ್ತು ಬಿತ್ತು. ಬಿದ್ದದ್ದಕ್ಕೇ ನಾನು ಕೀಲಿ ತೆಗೆದೆ.

ಅವನು ಆಕೆಯನ್ನು ಬಿಟ್ಟು ನನ್ನ ಜುಟ್ಟಿಗೆ ಕೈ ಹಾಕಿ ಅಂಗಳಕ್ಕೆ ಎಳೆದ. ಬೆಳಕು ಹಗಲಾದಂತೆ ಇತ್ತು. ಮುಖದ ಮೇಲೆ ಗುದ್ದಿದ, ಮೂಗಿನಿಂದ ರಕ್ತ ಬಾಯಿಗೆ ಇಳಿಯಿತು. ನಾನು ಅವನ ಕಣ್ಣಿಗೆ ಉಗುರು ಹಾಕಿದೆ. ಅವನು ಕಾಲು ಕೊಟ್ಟು ನನ್ನನ್ನು ಕೆಡವಿ, ಕತ್ತಿನ ಮೇಲೆ ಕಾಲಿಟ್ಟ. ಉಸಿರು ನಿಂತಿತು. ರಾಡು ಮೇಲೆತ್ತಿದ್ದು ಕಾಣಿಸಿತು. ಮಕ್ಕಳು ಮರಿ ಇಲ್ಲದ ಬಾಳು, ಇಷ್ಟೇ ಇತ್ತು ಅಂದುಕೊಂಡೆ.

ಅವನ ಹಿಂದೆ ಅತ್ತೆ ಬಂದು ನಿಂತರು. ಮೂಲೆಯಲ್ಲಿದ್ದ ಸಲಿಕೆ ಸೊಂಟಕ್ಕೆ ಆನಿಸಿಕೊಂಡಿದ್ದರು, ಒಂದು ಕೈ ಕೆಲಸ ಮಾಡುತ್ತಿರಲಿಲ್ಲ. ಕರೆಯಲಿಲ್ಲ, ಬೈಯಲಿಲ್ಲ. ಈ ಸಲ ಕಣ್ಣನ್ನೂ ಮುಚ್ಚಲಿಲ್ಲ. ಇಡೀ ಮೈ ತಿರುಗಿಸಿ ಸಲಿಕೆಯ ಅಗಲದಿಂದ ಮಗನ ತಲೆಗೆ ಹೊಡೆದರು. ತೆಂಗಿನಕಾಯಿ ಒಡೆದಂಥ ಸದ್ದು. ಅವನು ತಿರುಗಿ ತಾಯಿಯ ಮುಖ ನೋಡಿದ, ಏನೋ ಕೇಳುವವನ ಹಾಗೆ. ಆಕೆ ಇನ್ನೊಂದು ಹೊಡೆದರು. ಒಗೆಯುವ ಕಲ್ಲಿನ ಪಕ್ಕ ಉದ್ದಕ್ಕೆ ಬಿದ್ದ.

ನಾನು ತೆವಳಿ ಎದ್ದು, ಅತ್ತೆಯ ಸೊಂಟ ಹಿಡಿದು ಹೊಸಿಲೊಳಗೆ ಎಳೆದುಕೊಂಡು ಬಂದೆ. ಇಬ್ಬರೂ ಗ್ರಿಲ್ಲು ಹಿಡಿದು ಅವನನ್ನೇ ನೋಡುತ್ತ ನಿಂತೆವು. ಕಾಲು ಒಮ್ಮೆ ಅದುರಿತು. ಆಮೇಲೆ ಅದೂ ಇಲ್ಲ. ಕಿವಿಯಿಂದ ರಕ್ತ ಕಲ್ಲಿನ ಬುಡಕ್ಕೆ ಹರಿಯುತ್ತಿತ್ತು. ನೋಡುತ್ತಿದ್ದ ಹಾಗೇ ಲೈಟು ಆರಿತು.

ಕತ್ತಲು ಅಂದರೆ ಕತ್ತಲು. "ಯಾಕ ಆರಿತದು?" ಅಂದರು ಅತ್ತೆ. ಬ್ಯಾಟರಿ ಹೊಸದು, ಗುಬ್ಬಿ ಆಕೆಯೇ ಬೆಳಿಗ್ಗೆ ಒರೆಸಿದ್ದರು. ಏನಂತ ಹೇಳಲಿ? "ಮನುಷ್ಯಾ ಅಲುಗಾಡೋದು ನಿಂತ್ರ ಆರತೈತ್ರಿ" ಅಂದೆ.

ಆಕೆಗೆ ಅರ್ಥವಾಯಿತು. ಹೊರಗೆ ಹೋಗಲು ಕಾಲು ಎತ್ತಿದರು, ನಾನು ಸೆರಗು ಬಿಡಲಿಲ್ಲ. "ಹತ್ತಪಾ, ಹತ್ತು. ಒಮ್ಮೆ ಹತ್ತು ನನ್ನಪ್ಪಾ. ಶಿವಾ, ನನ್ನ ಕೂಸು, ಒಮ್ಮೆ ಹತ್ತಸು" ಅಂತ ಆ ಲೈಟಿಗೆ ಒಂದೇ ಕೈ ಎತ್ತಿ ಮುಗಿದರು. ನಾನೂ ಮನಸ್ಸಿನಲ್ಲೇ ಅದಕ್ಕೆ ಕೈ ಮುಗಿದೆ: ಹತ್ತಬೇಡ. ನಿನ್ನ ಕಾಲು ಬೀಳುತ್ತೇನೆ, ಇನ್ನು ಎಂದೂ ಹತ್ತಬೇಡ. ಎಷ್ಟು ಹೊತ್ತು ಹಾಗೆ ನಿಂತಿದ್ದೆವೋ ಗೊತ್ತಿಲ್ಲ. ಗದ್ದೆಗಳ ಕಡೆ ಮಷಿನ್ನು ಗುರ್ ಅನ್ನುತ್ತಲೇ ಇತ್ತು.

ಭಗ್ ಅಂತ ಹತ್ತಿತು.

ಕಲ್ಲಿನ ಪಕ್ಕ ಅವನ ಕೈ ಮಣ್ಣನ್ನು ಕೆರೆಯುತ್ತಿತ್ತು. "ಅದಾನ! ಜೀವ ಐತಿ, ನನ್ನ ಮಗ ಅದಾನ!" ಅಂತ ಅತ್ತೆ ನನ್ನನ್ನು ತಬ್ಬಿಕೊಂಡು ಗೊಳೋ ಅಂತ ಅತ್ತರು. ಅಳುತ್ತಲೇ ಒಮ್ಮೆ ಹಿಂತಿರುಗಿ ನೋಡಿದರು. ಅವನು ಮೊಣಕೈ ಊರುತ್ತಿದ್ದ. ನನ್ನ ಭುಜ ಹಿಡಿದಿದ್ದ ಆಕೆಯ ಬೆರಳು ಬಿಗಿಯಾದವು.

"ಜಲ್ದಿ ಕೀಲಿ ಹಾಕವಾ," ಅಂದರು, "ಏಳತಾನ."

ಹಾಕಿದೆ. ಆಮೇಲೆ ಆಂಬುಲೆನ್ಸಿಗೆ ಫೋನ್ ಮಾಡಿದೆ.